ಗಾಜಿನ ಪೆಟ್ಟಿಗೆಯಲ್ಲಿ ಒಂದು ಎಸಳು ಕರಿಬೇವು

ಮೊದಲು ಸಿಹಿ ಸುದ್ದಿ ಹೇಳಿಬಿಡುತ್ತೇನೆ. ಮಿಕ್ಕಿದ್ದು ಆಮೇಲೆ.

ನನ್ನ ಮೊಮ್ಮಗಳ ಚಿತ್ರದ ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ! ಸಿಂಗಪುರದ ನಮ್ಮ ಜುರಾಂಗ್ ವೆಸ್ಟ್ ಮನೆಗೆ ಎರಡು ಬಸ್ ಸ್ಟಾಪ್ ದೂರದ ಲೈಬ್ರರಿಯಲ್ಲಿ. ಮೇಲೊಂದು ಪುಟ್ಟ ಲೈಟು, ಕೆಳಗೆ ಹೆಸರು ಬರೆದ ಚೀಟಿ. ಹದಿಮೂರು ವರ್ಷದ ಹುಡುಗಿ ನಮ್ಮ ಇಳಾ. ಹಲ್ಲಿಗೆ ಇನ್ನೂ ಕ್ಲಿಪ್ಪಿದೆ. ಅವಳ ಪುಸ್ತಕಕ್ಕೆ ಬೀಗ ಹಾಕಿದ ಪೆಟ್ಟಿಗೆ ಅಂದರೆ ನೀವೇ ಯೋಚನೆ ಮಾಡಿ. ನಮ್ಮ ಮನೆತನದಲ್ಲಿ ಇದುವರೆಗೆ ಯಾರ ಹತ್ತಿರವಾದರೂ ಬೀಗ ಹಾಕಿ ಕಾಯುವಂತಹದ್ದು ಏನಿತ್ತು?

ಶನಿವಾರದಿಂದ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಅವರಿಗೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಬಾರದು. ಪಾಪ, ಎಲ್ಲರೂ ತಲೆಯಾಡಿಸಿದ್ದಾರೆ.

ಇಷ್ಟು ಸಂತೋಷದಲ್ಲಿರುವವಳು ಹಿಂದಿನ ಒಂಬತ್ತು ದಿನ ನೆಟ್ಟಗೆ ಊಟ ಮಾಡಲಿಲ್ಲ ಅಂದರೆ ನಂಬುತ್ತೀರಾ? ನಂಬಲೇಬೇಕು. ಯಾಕೆಂದರೆ ಆ ಪೆಟ್ಟಿಗೆಯೊಳಗೆ ಇರುವುದು ಮೊಮ್ಮಗಳ ಪುಸ್ತಕ ಒಂದೇ ಅಲ್ಲ. ನಾನು ಕದ್ದ ಮಾಲೂ ಇದೆ.

ಹೌದು, ಕದ್ದದ್ದು. (ವಾಣಿ, ಇದನ್ನು ಟೈಪ್ ಮಾಡುವಾಗ ಬದಲಾಯಿಸಬೇಡ. ‘ತೆಗೆದುಕೊಂಡದ್ದು’ ಅಂತ ಮೆತ್ತಗೆ ಮಾಡಬೇಡ.)

ವಾಣಿ ನನ್ನ ಮಗಳು. ವಾರವಾರ ಓದುವವರಿಗೆ ಗೊತ್ತೇ ಇದೆ, ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ. ನಾನು ನೋಟ್‌ಬುಕ್ಕಿನಲ್ಲಿ ಬರೆಯುವುದು, ಅವಳು ಟೈಪ್ ಮಾಡಿ ಪತ್ರಿಕೆಗೆ ಕಳಿಸುವುದು. ಅಳಿಯ ಪ್ರಸನ್ನ ಟುವಾಸ್‌ನ ಒಂದು ಫ್ಯಾಕ್ಟರಿಯಲ್ಲಿ ಇಂಜಿನಿಯರ್. ಜೂನ್ ರಜೆಯಲ್ಲಿ ಅವರಿಗೆ ಕೋಪನ್‌ಹೇಗನ್ ಊರಿನಲ್ಲಿ ಮೀಟಿಂಗ್ ಬಿತ್ತು. ಡೆನ್ಮಾರ್ಕ್ ದೇಶದ ರಾಜಧಾನಿ. “ಅತ್ತೆ, ನೀವೂ ಬನ್ನಿ, ಆರು ದಿನ, ಎಲ್ಲರೂ ಹೋಗಿ ಬರೋಣ” ಅಂದರು. ಹೋದೆ. ಚಟ್ನಿಪುಡಿ, ಖಾಕ್ರಾ, ಒಂದು ದಪ್ಪ ಸ್ವೆಟರು, ಮತ್ತು ಕೈಯಲ್ಲಿ ನಮ್ಮ ಯಜಮಾನರ ವಾಚು.

ಆ ವಾಚಿನ ವಿಷಯ ಹೇಳಬೇಕು. ನಮ್ಮ ಯಜಮಾನರು ಮೈಸೂರಿನ ಒಂದು ಪಾರ್ಕಿನಲ್ಲಿ ಮೂವತ್ತು ವರ್ಷ ಮಾಲಿಯಾಗಿದ್ದರು. ರಿಟೈರ್ ಆದ ದಿನ ಜೊತೆಯವರು ಸೇರಿ ಕೊಡಿಸಿದ ವಾಚದು. ಗಂಡಸರ ವಾಚು, ದೊಡ್ಡ ಮುಖ, ಚರ್ಮದ ಬೆಲ್ಟು. ಅವರು ಹೋದ ಮೇಲೆ ನಾನು ಕಟ್ಟಿಕೊಂಡೆ, ಆಮೇಲೆ ಬಿಚ್ಚಿಲ್ಲ. ಇಳಾ ಹುಟ್ಟುವ ಮೊದಲೇ ಅವರು ತೀರಿಕೊಂಡರು. ಅವಳಿಗೆ ತಾತ ಅಂದರೆ ಗೋಡೆಯ ಮೇಲಿನ ಫೋಟೋ ಮತ್ತು ನನ್ನ ಕೈಯ ವಾಚು.

ಪಾರ್ಕಿನಲ್ಲಿ ಅವರ ಕೊರಳಲ್ಲಿ ಯಾವಾಗಲೂ ಒಂದು ಸೀಟಿ. ಯಾರಾದರೂ ಹೂವಿನ ಕಡೆ ಕೈ ಚಾಚಿದರೆ ಸಾಕು, ಪೀ ಅಂತ ಊದುತ್ತಿದ್ದರು. ಜೊತೆಗೆ ಒಂದು ಕೂಗು: “ಕೈ ಹಿಂದೆ ಕಟ್ಕೊಂಡು ನಡೀರಿ!” ಮೂವತ್ತು ವರ್ಷದಲ್ಲಿ ಒಂದು ಮೊಳ ಹೂವನ್ನು ಮನೆಗೆ ತಂದವರಲ್ಲ. ನಾನು ಮಾರ್ಕೆಟ್ಟಿನಲ್ಲಿ ಕೊಂಡು ಮುಡಿಯುತ್ತಿದ್ದೆ.

ಈಗ ಇಂಥವರ ಹೆಂಡತಿ ಕೋಪನ್‌ಹೇಗನ್‌ಗೆ ಹೋಗಿ ಏನು ಮಾಡಿದಳು ಕೇಳಿ.

ಆ ಊರಿನಲ್ಲಿ ಇಳಿದ ಕ್ಷಣದಿಂದ ನನಗೆ ಒಂದೇ ಚಿಂತೆ. ಇಲ್ಲಿ ಕಾಯುವವರು ಯಾರು? ಹಳೆಯ ರಾಜರ ತೋಟ ಅಂತ ಒಂದಿದೆ, ಹಿಂದೆ ಅರಮನೆ, ಗೋಪುರ. ಮೈಸೂರಾಗಿದ್ದರೆ ಬೇಲಿ, ಚೈನು, ಬೋರ್ಡು. ಇಲ್ಲಿ ನೋಡಿದರೆ ರಾಜನ ಹುಲ್ಲಿನ ಮೇಲೆ ಜನ ಅಂಗಾತ ಮಲಗಿ ಐಸ್‌ಕ್ರೀಮ್ ತಿನ್ನುತ್ತಿದ್ದಾರೆ! ನಾನು ಮಾಲಿಯನ್ನು ಹುಡುಕಿದೆ. ಕಾಣಲಿಲ್ಲ. ಸೀಟಿಯ ಸದ್ದಿಗೆ ಕಿವಿ ಕೊಟ್ಟೆ. ಇಲ್ಲ. ನಮ್ಮ ಯಜಮಾನರು ಅಲ್ಲಿ ಒಂದು ದಿನ ಡ್ಯೂಟಿ ಮಾಡಿದ್ದರೆ ಕೆನ್ನೆ ನೋವು ಬಂದು ಹೋಗಿರೋದು.

ತೋಟದ ಪಕ್ಕದ ಕಾಫಿ ಅಂಗಡಿಯ ಹೊರಗೆ ಒಂದು ತಳ್ಳುಗಾಡಿಯಲ್ಲಿ ಕೂಸು. ಒಂದೇ! ತಾಯಿ ಒಳಗೆ ಕಾಫಿ ಕುಡಿಯುತ್ತಿದ್ದಾಳೆ. ನನಗೆ ಕಾಲು ಮುಂದೆ ಹೋಗಲಿಲ್ಲ. ಆ ತಾಯಿ ಹೊರಗೆ ಬರುವವರೆಗೆ ಗಾಡಿಯ ಪಕ್ಕ ಕಾವಲು ನಿಂತೆ. ಅವಳು ಬಂದವಳು ನನ್ನನ್ನೇ ಅನುಮಾನದಿಂದ ನೋಡಿದಳು. “ಅಮ್ಮ, ಇಲ್ಲಿ ಹೀಗೇ ಮಲಗಿಸ್ತಾರಂತೆ, ಗಾಳಿಗೆ ಒಳ್ಳೇದು ಅಂತ” ಎಂದು ವಾಣಿ ನನ್ನನ್ನು ಎಳೆದುಕೊಂಡು ಹೋದಳು. ಹೋದೆ, ಆದರೆ ಮೂರು ಸಲ ತಿರುಗಿ ನೋಡಿದೆ.

ಇನ್ನೊಂದು ದಿನ ಒಂದು ಒಳ್ಳೆಯ ಪಾರ್ಕಿಗೆ ಕರೆದುಕೊಂಡು ಹೋದರು. ದೊಡ್ಡ ಮರಗಳು, ಸಾಲುದಾರಿ, ಜನ ಚಾಪೆ ಹಾಸಿ ಕೂತು ತಿಂಡಿ ತಿನ್ನುತ್ತಿದ್ದಾರೆ. ನಾವೂ ಕೂತೆವು. ಖಾಕ್ರಾದ ಡಬ್ಬಿ ತೆಗೆದೆ. ಒರಗಿಕೊಳ್ಳಲು ಹಿಂದೆ ಒಂದು ಕಲ್ಲಿತ್ತು, ಒರಗಿಕೊಂಡೆ. ಇಳಾ ಮೆಲ್ಲಗೆ ಹೇಳಿದಳು: “ಅಜ್ಜಿ, ಅದು ಒಬ್ರ ಗ್ರೇವ್.”

ಸ್ಮಶಾನ! ನೂರಾರು ವರ್ಷದ ಹಳೆಯ ಸ್ಮಶಾನವೇ ಅಲ್ಲಿ ಪಾರ್ಕು! ಸತ್ತವರ ಪಕ್ಕದಲ್ಲೇ ಹುಡುಗ ಹುಡುಗಿಯರು ಪುಸ್ತಕ ಓದುತ್ತಿದ್ದಾರೆ, ಮಕ್ಕಳು ಸೈಕಲ್ ಕಲಿಯುತ್ತಿದ್ದಾರೆ. ಆ ಸಂಜೆ ಹೋಟೆಲ್ ರೂಮಿನ ಬಾಗಿಲಲ್ಲಿ ನಿಂತು ಮೂವರನ್ನೂ ತಡೆದೆ. “ಯಾರೂ ಹಾಸಿಗೆ ಮುಟ್ಕೂಡ್ದು. ಮೊದ್ಲು ತಲೆಗೆ ಸ್ನಾನ.” ಅಳಿಯಂದಿರು ಟೈ ಕಟ್ಟಿಕೊಂಡೇ ಕ್ಯೂ ನಿಂತರು. ಅವರಿಗೆ ಅರ್ಧ ಗಂಟೆಯಲ್ಲಿ ಆಫೀಸಿನ ಡಿನ್ನರ್ ಇತ್ತು. ಒದ್ದೆ ತಲೆಯಲ್ಲೇ ಹೋದರು.

ಮ್ಯೂಸಿಯಮ್ಮುಗಳನ್ನೂ ನೋಡಿದೆವು. ಒಂದರಲ್ಲಿ ಸೂರ್ಯನ ರಥ ಇದೆ. ಯೇಸುವಿಗಿಂತ ಎಷ್ಟೋ ಹಿಂದಿನದಂತೆ. ಗಾಲಿಗಳ ಮೇಲೆ ಒಂದು ಕಂಚಿನ ಕುದುರೆ, ಅದರ ಹಿಂದೆ ಚಿನ್ನದ ತಗಡು ಹೊದಿಸಿದ ಸೂರ್ಯ. ನನಗೆ ಬಹಳ ಖುಷಿಯಾಯಿತು. “ನಮ್ಮ ಸೂರ್ಯಂಗೆ ಏಳು ಕುದ್ರೆ, ಇವ್ರಿಗೆ ಒಂದೇ” ಅಂದೆ. “ಅದಕ್ಕೇ ಇಲ್ಲಿ ಬಿಸ್ಲೂ ಅಷ್ಟೇ” ಅಂದರು ಅಳಿಯಂದಿರು.

ಇನ್ನೊಂದು ಕಡೆ, ಗಾಜಿನೊಳಗೆ, ನಮ್ಮ ಕಡೆಯ ಒಬ್ಬಳು ದೇವಿ. ಗೇಣುದ್ದದವಳು, ಕಂಚಿನವಳು. ಹೂವಿಲ್ಲ, ಕುಂಕುಮವಿಲ್ಲ. ನಾನು ಕೈ ಮುಗಿದೆ. “ಇವ್ಳನ್ನ ಯಾರು ಕೊಟ್ಟಿದ್ದಂತೆ?” ಅಂತ ಕೇಳಿದೆ. ಪ್ರಸನ್ನ ಚೀಟಿಯನ್ನು ಎರಡು ಸಲ ಓದಿದರು. “ದಕ್ಷಿಣ ಭಾರತ, ಕಂಚು ಅಂತ ಇದೆ ಅತ್ತೆ. ಯಾರು ಕೊಟ್ರು ಅಂತ ಇಲ್ಲ.” ಯಾರಾದರೂ ಪ್ರೀತಿಯಿಂದಲೇ ಕೊಟ್ಟಿರಬಹುದು. ನನಗೇನು ಗೊತ್ತು? ಆದರೆ ಇಳಾ ಮಾತ್ರ ಆ ಚೀಟಿಯ ಮುಂದೆ ಬಹಳ ಹೊತ್ತು ನಿಂತಿದ್ದಳು.

ಐದನೇ ದಿನ ಗಾಜಿನ ಮನೆಗೆ ಹೋದೆವು. ಗಿಡಗಳ ಮ್ಯೂಸಿಯಂ ಅನ್ನಿ. ಹಳೆಯ ಕಾಲದ ಕಬ್ಬಿಣದ ಕಟ್ಟಡ, ಮಧ್ಯೆ ಸುರುಳಿ ಮೆಟ್ಟಿಲು, ಮೇಲೆಲ್ಲ ಗಾಜು. ಅಷ್ಟು ಹೊತ್ತಿಗೆ ನನ್ನ ಸ್ಥಿತಿ ಏನಾಗಿತ್ತು ಗೊತ್ತೆ? ಚಟ್ನಿಪುಡಿ ಮೂರನೇ ದಿನಕ್ಕೇ ಖಾಲಿ. ಬ್ರೆಡ್ಡು, ಚೀಸು, ಬೇಯಿಸಿದ ಆಲೂಗಡ್ಡೆ ತಿಂದು ನಾಲಿಗೆ ಸತ್ತಿತ್ತು. ಹೊರಗೆ ಜೂನ್ ತಿಂಗಳಲ್ಲೂ ಕೊರೆಯುವ ಗಾಳಿ. ಒಳಗೆ ಕಾಲಿಟ್ಟರೆ ನಮ್ಮ ಸಿಂಗಪುರದ ಹಾಗೇ ಬಿಸಿ, ಬೆವರು! ಕನ್ನಡಕದ ಮೇಲೆ ಹಬೆ ಕೂತು ಏನೂ ಕಾಣಲಿಲ್ಲ. ಸೆರಗಿನಿಂದ ಒರೆಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮೂಗಿಗೆ ಬಡಿಯಿತು.

ಕರಿಬೇವು.

ಕಣ್ಣಿಗಿಂತ ಮೊದಲು ಮೂಗು ಗುರುತು ಹಿಡಿಯಿತು. ಎದೆ ಎತ್ತರದ ಗಿಡ, ಎಳೆ ಎಲೆ, ನನ್ನ ಕೈಗೆ ಸಿಗುವ ಹಾಗೇ ಬಾಗಿದೆ. ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಐವತ್ತು ವರ್ಷದಿಂದ ದಿನಾ ಒಗ್ಗರಣೆ ಹಾಕುವ ಕೈ ಇದು. ಹೆಬ್ಬೆರಳಿನ ಉಗುರು ಕಡ್ಡಿಯ ಬುಡಕ್ಕೆ ಹೋಯಿತು, ಕೆಳಕ್ಕೆ ಒಂದು ಜಗ್ಗು, ಚಟ್! ಒಂದು ಎಸಳು ನನ್ನ ಅಂಗೈಯಲ್ಲಿ. ನಾನು ಕಳಿಸಲಿಲ್ಲ, ಕೈ ತಾನೇ ಹೋಯಿತು ಅಂದರೆ ಯಾವ ಪೊಲೀಸಿನವರು ನಂಬುತ್ತಾರೆ?

ಇಳಾ ಬೆಂಚಿನ ಮೇಲೆ ಕೂತು ಸುರುಳಿ ಮೆಟ್ಟಿಲನ್ನು ಬರೆಯುತ್ತಿದ್ದವಳು ಎದ್ದು ಬಂದಳು. “ಅಜ್ಜೀ! ಕೆನಾಟ್ ಲಾ! ಬೋರ್ಡ್ ನೋಡು!”

ನೋಡಿದೆ. ಬೋರ್ಡಿನಲ್ಲಿ ಒಂದು ಕೈ, ಒಂದು ಗಿಡ, ಮೇಲೆ ಕೆಂಪು ಗೀಟು. ಇದಕ್ಕೆ ಇಂಗ್ಲಿಷ್ ಬೇಕಿಲ್ಲ.

ಅದೇ ಹೊತ್ತಿಗೆ ನೀರಿನ ಪೈಪು ಹಿಡಿದ ಹೆಣ್ಣುಮಗಳೊಬ್ಬಳು ನಮ್ಮ ಕಡೆ ಬರುತ್ತಿದ್ದಳು. ಅಲ್ಲಿಯ ಮಾಲಿ. ಐದು ದಿನ ಹುಡುಕಿದ ಮಾಲಿ ಆಗ ಸಿಗಬೇಕೆ! ಆಗ ನಾನು ಮಾಡಿದ್ದು ಎರಡನೇ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

“ಮುಚ್ಚು, ಮುಚ್ಚು. ನಿನ್ ಪುಸ್ತಕದೊಳಗೆ ಇಡು!” ಅಂದೆ.

ಮಗು ಇಟ್ಟುಕೊಂಡಿತು. ಮಾಲಿ ಹೆಂಗಸು ನಮ್ಮಿಬ್ಬರನ್ನೂ ನೋಡಿ ನಕ್ಕು ಮುಂದೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಹೋಟೆಲಿಗೆ ಬಂದ ಮೇಲೆ “ಅದನ್ನ ಡಸ್ಟ್‌ಬಿನ್‌ಗೆ ಹಾಕ್ಬಿಡು” ಅಂದೆ. ಇಳಾ ಹೂಂ ಅಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: “ತಾತ ಇದ್ದಿದ್ರೆ ಏನ್ ಮಾಡ್ತಿದ್ರು?”

“ಸೀಟಿ ಊದಿರೋರು.”

“ನಿಂಗೂನಾ?”

ನಿಜ ಹೇಳಲೇಬೇಕಾಯಿತು. ಮದುವೆಯಾದ ಹೊಸತರಲ್ಲಿ ಒಂದು ಸಲ ಊಟದ ಡಬ್ಬಿ ಕೊಡಲು ಪಾರ್ಕಿಗೆ ಹೋಗಿದ್ದೆ. ದಾರಿ ಬದಿಯ ಕನಕಾಂಬರಕ್ಕೆ ಸುಮ್ಮನೆ ಕೈ ಚಾಚಿದೆ. ಹಿಂದಿನಿಂದ ಪೀ! ಊರಿನವರೆಲ್ಲ ತಿರುಗಿ ನೋಡಿದರು. ಕಟ್ಟಿಕೊಂಡ ಹೆಂಡತಿಗೇ ಸೀಟಿ! ಮೂರು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಇಳಾ ಬಿದ್ದೂ ಬಿದ್ದೂ ನಕ್ಕಳು. ನಾನೂ ನಕ್ಕೆ. ಕರಿಬೇವಿನ ಕಥೆ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮುಗಿಯುತ್ತದೆಯೇ?

ಎರಡು ವಾರದ ಹಿಂದಿನ ಗುರುವಾರ ಇಳಾ ಸ್ಕೂಲಿನಿಂದ ಹಾರಿಕೊಂಡು ಬಂದಳು. ರಜೆಯಲ್ಲಿ ಮಕ್ಕಳು ಬರೆದ ಚಿತ್ರದ ಪುಸ್ತಕಗಳಲ್ಲಿ ಕೆಲವನ್ನು ಆರಿಸಿದ್ದಾರೆ, ಅವಳದೂ ಇದೆ, ಲೈಬ್ರರಿಯಲ್ಲಿ ಇಡುತ್ತಾರೆ, ಮುಂದಿನ ವಾರದ ಶನಿವಾರ ಓಪನಿಂಗ್! ನಾನು ತಕ್ಷಣ ಸಜ್ಜಿಗೆಗೆ ರವೆ ಹುರಿಯಲು ಇಟ್ಟೆ. ಸಂಜೆ ಎಲ್ಲರೂ ಬಂದ ಮೇಲೆ ಅವಳು ಫೋನಿನಲ್ಲಿ ಫೋಟೋ ತೋರಿಸಿದಳು. “ಬುಕ್ ಟೀಚರ್ ಹತ್ರಾನೇ ಇದೆ. ಈ ಪೇಜ್ ಓಪನ್ ಮಾಡಿ ಇಡ್ತಾರೆ.”

ಪುಟದ ಮೇಲೆ ಒಂದು ಮುದಿ ಕೈ. ಗೆರೆ ಗೆರೆಯೂ ನನ್ನದೇ. ಮಣಿಕಟ್ಟಿನಲ್ಲಿ ಗಂಡಸರ ವಾಚು. ಆ ಕೈಯ ಬೆರಳುಗಳ ನಡುವೆ, ಚಿತ್ರವಲ್ಲ, ನಿಜವಾದ ಎಸಳು! ಒಣಗಿ ಕಪ್ಪಾಗಿದೆ. ಮೇಲೆ ಟೇಪು.

“ಎಸೀಲಿಲ್ವೇನೇ ನೀನು?”

“ಎಸೀಲಿಕ್ಕೆ ಮನಸ್ಸು ಬರ್ಲಿಲ್ಲ, ಅಜ್ಜಿ.”

ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಪ್ರಸನ್ನ ಓದಿ ಹೇಳಿದರು: “ಕರಿಬೇವು. ಕೋಪನ್‌ಹೇಗನ್. ನನ್ನ ಅಜ್ಜಿ ಯಾರನ್ನೂ ಕೇಳದೆ ಕಿತ್ತದ್ದು.” ಹೇಳಿದವರೇ ಗೊಳ್ಳೆಂದು ನಕ್ಕರು. ವಾಣಿಯೂ ನಕ್ಕಳು. ಒಲೆಯ ಮೇಲೆ ಸಜ್ಜಿಗೆ ತಳ ಹಿಡಿಯಿತು.

ನನಗೆ ನಗು ಬರಲಿಲ್ಲ. ನೀವೇ ಹೇಳಿ, ಈ ದೇಶ ಎಂಥದ್ದು? ಇಲ್ಲಿ ಪಾರ್ಕಿನಲ್ಲಿ ಒಂದು ಎಲೆ ಕಿತ್ತರೂ ದಂಡ ಅಂತ ಮೊದಲ ದಿನವೇ ಅಳಿಯಂದಿರು ಹೇಳಿಕೊಟ್ಟಿದ್ದರು. ಇಂಥ ದೇಶದ ಲೈಬ್ರರಿಯಲ್ಲಿ, ಲೈಟು ಹಾಕಿ, ನನ್ನ ಕೈ, ನನ್ನ ವಾಚು, ನಾನು ಕಿತ್ತ ಎಲೆ! ಇಲ್ಲಿ ಇರಲು ಕೊಟ್ಟಿರುವ ನನ್ನ ಪಾಸು ಈ ವರ್ಷ ರಿನ್ಯೂ ಆಗಬೇಕು. ಅಲ್ಲಿಯ ಆಫೀಸರ ಮಗು ಆ ಸ್ಕೂಲಿನಲ್ಲೇ ಓದುತ್ತಿದ್ದರೆ?

“ಅಮ್ಮ, ಒಂದು ಎಲೆ. ಒಂದೇ ಒಂದು ಎಲೆ” ಅಂದಳು ವಾಣಿ.

“ಒಂದಲ್ಲ, ಎಸಳು. ಎಣಿಸ್ದೆ, ಹದಿನೈದು ಎಲೆ ಇದೆ.”

“ಬೇರೆ ಪೇಜ್ ತೆಗೆದಿಡು ಅಂತ ಟೀಚರ್‌ಗೆ ಹೇಳು ಕಂದಾ” ಅಂತ ಇಳಾನ ಬೇಡಿಕೊಂಡೆ. “ರಾಜನ ತೋಟ ಬರ್ದಿದ್ಯಲ್ಲ, ಅದು ಇಡ್ಲಿ. ಸೂರ್ಯನ ಕುದ್ರೆ ಇಡ್ಲಿ.” ಅವಳು ಜಗ್ಗಲಿಲ್ಲ. “ಟೀಚರ್ ಚೂಸ್ ಮಾಡಿದ್ದು ಅಜ್ಜಿ. ನೀನು ಬಾ, ನೋಡು, ಆಮೇಲೆ ಮಾತಾಡು.”

ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಅನ್ನುವ ಗೋಡೆಯಿಲ್ಲದ ನೆಲಮಹಡಿಯ ಪಕ್ಕದಲ್ಲಿ, ನಿವಾಸಿಗಳೇ ಬೆಳೆಸಿದ ಪುಟ್ಟ ತೋಟವಿದೆ. ಅದನ್ನು ನೋಡಿಕೊಳ್ಳುವವರು ಒಬ್ಬ ಚೀನೀ ಅಂಕಲ್. ಅವರದೊಂದು ಕರಿಬೇವಿನ ಗಿಡ. ಎರಡು ವರ್ಷದಿಂದ ಒಂದು ದಿನವೂ ಕೇಳದೆ ಕಿತ್ತಿಲ್ಲ ನಾನು. ಗಿಡ ತೋರಿಸುತ್ತೇನೆ, ಎರಡು ಬೆರಳು ಎತ್ತುತ್ತೇನೆ, ಅವರು ಓಕೆ ಅನ್ನುತ್ತಾರೆ. ಆ ಒಂಬತ್ತು ದಿನ ಆ ಕಡೆ ತಲೆ ಹಾಕಲೇ ಇಲ್ಲ. ಒಂದು ಬೆಳಿಗ್ಗೆ ಅವರೇ ಕೂಗಿದರು: “ಆಂಟಿ! ಟುಡೇ ನೋ ಕರಿ ಲೀಫ್ ಆ?” ನಾನು ಕೇಳಿಸದವಳ ಹಾಗೆ ಲಿಫ್ಟಿಗೆ ನಡೆದೆ. ಆ ರಾತ್ರಿಯ ಊಟದಲ್ಲಿ ಪ್ರಸನ್ನ ಮೆಲ್ಲಗೆ ಅಂದರು: “ಅತ್ತೆ, ಸಾರಿಗೆ ಏನೋ ಕಮ್ಮಿ ಆಗಿದೆ.” ಕಮ್ಮಿ ಆಗದೆ ಇನ್ನೇನು?

ನಿಜ ಹೇಳಬೇಕೆಂದರೆ, ದಂಡ, ಪಾಸು, ಇವೆಲ್ಲ ಬಾಯಿಗೆ ಬಂದ ಭಯಗಳು. ಒಳಗಿನ ಭಯ ಬೇರೆ. ಆ ಹುಡುಗಿ ತಾತನನ್ನು ನೋಡಿಲ್ಲ. ಅವಳಿಗೆ ಉಳಿದವಳು ನಾನೊಬ್ಬಳು. ನಾಳೆ ಅವಳು ದೊಡ್ಡವಳಾಗಿ ಆ ಪುಸ್ತಕ ತೆಗೆದಾಗ ಅಜ್ಜಿ ಅಂದರೆ ಏನು ಕಾಣಬೇಕು? ಗಿಡಕ್ಕೆ ಕೈ ಹಾಕಿದ ಕೈಯೇ? ಅದೂ ತಾತನ ವಾಚು ಕಟ್ಟಿಕೊಂಡು?

ಇದೇ ಯೋಚನೆಯಲ್ಲಿ ಹೋದ ಗುರುವಾರ ಹೇಳಿಬಿಟ್ಟೆ: “ನಾನು ಶನಿವಾರ ಬರಲ್ಲ. ಮಂಡಿ ನೋವು.”

“ನಿನ್ನೆ ಮಾರ್ಕೆಟ್‌ಗೆ ನಡ್ಕೊಂಡು ಹೋಗಿ ಬಂದೆ. ಮಂಡಿ ಓಕೆ ಇತ್ತು” ಅಂದಳು ಇಳಾ.

“ಇವತ್ತು ಶುರುವಾಗಿದೆ.”

ಅವಳು ಜಗಳವಾಡಲಿಲ್ಲ. ಆಡಿದ್ದರೆ ನಾನೂ ಆಡುತ್ತಿದ್ದೆ. ಅಳಲೂ ಇಲ್ಲ. ಮೇಜಿನ ಮೇಲೆ ಹರಡಿದ್ದ ಪೆನ್ಸಿಲ್‌ಗಳನ್ನು ಒಂದೊಂದೇ ಡಬ್ಬಿಗೆ ಹಾಕಿದಳು. ಆಮೇಲೆ ಫೋನಿನಲ್ಲಿ ಏನೋ ಒತ್ತಿ ಅಮ್ಮನ ಮುಂದೆ ಹಿಡಿದಳು. “ಸ್ಪೆಲಿಂಗ್ ನೋಡು, ಕಳಿಸ್ತೀನಿ.”

ವಾಣಿಯ ಮುಖ ಇಳಿಯಿತು. ನನಗೆ ಕನ್ನಡದಲ್ಲಿ ಓದಿ ಹೇಳಿದಳು: “ಟೀಚರ್, ನನ್ನ ಪುಸ್ತಕ ಪ್ರದರ್ಶನದಲ್ಲಿ ಇಡಬೇಡಿ. ನನ್ನ ಅಜ್ಜಿಗೆ ಬೇಜಾರಾಗಿದೆ. ಸಾರಿ.”

ಒಂದು ವಾರ ನಾನು ಬೇಡಿದ್ದು ಇದನ್ನೇ ತಾನೇ? ಕೈಗೆ ಬಂತು. ಸಮಾಧಾನ ಆಯಿತೇ? ಸಜ್ಜಿಗೆ ಮಾಡಿಸಿಕೊಂಡು ತಿಂದ ಹುಡುಗಿ, ಅವಳ ಹೆಸರಿನ ಚೀಟಿ, ಆ ಲೈಟು, ಎಲ್ಲವನ್ನೂ ನನ್ನ ಒಂದು ಎಸಳಿಗಾಗಿ ವಾಪಸ್ ಮಾಡುತ್ತಿದ್ದಾಳೆ. ನಮ್ಮ ಯಜಮಾನರು ಬರೀ ಹೂ ಕೀಳುವವರನ್ನು ತಡೆಯುತ್ತಿದ್ದರು. ನಾನು ಗಿಡವನ್ನೇ ಕೀಳಲು ಹೊರಟಿದ್ದೆ.

“ಅಳಿಸು ಅದನ್ನ” ಅಂದೆ. “ಬರ್ತೀನಿ. ಪೊಲೀಸ್‌ನೋರು ಹಿಡ್ಕೊಂಡ್ರೆ ನಿಮ್ಮಪ್ಪ ಬಿಡಿಸ್ಕೊಂಡು ಬರ್ಲಿ.”

“ಅತ್ತೆ, ಪರ್ಮಿಷನ್ ತಗೊಂಡಿರ್ತೀನಿ ಆಫೀಸಿಂದ” ಅಂದರು ಅಳಿಯಂದಿರು.

ಶನಿವಾರ ಮಧ್ಯಾಹ್ನ ಮೂರು ಗಂಟೆ. ಹೊರಗೆ ಬಿಸಿಲು ಸುಡುತ್ತಿದೆ, ನಾನು ಕೋಪನ್‌ಹೇಗನ್ನಿನ ದಪ್ಪ ಸ್ವೆಟರು ಹಾಕಿಕೊಂಡು ಹೊರಟೆ. (ತೋಳು ಉದ್ದ ಇದೆ. ವಾಚು ಮುಚ್ಚುತ್ತದೆ. ಬಿಚ್ಚಿಡಬಹುದಿತ್ತಲ್ಲ ಅನ್ನುತ್ತೀರಿ. ಬಿಚ್ಚಲು ಮನಸ್ಸು ಬರಲಿಲ್ಲ.) ಬಸ್ಸಿನಲ್ಲಿ ಜನ ನನ್ನನ್ನೇ ನೋಡುತ್ತಿದ್ದರು.

ಲೈಬ್ರರಿಯಲ್ಲಿ ಸಾಲಾಗಿ ಪೆಟ್ಟಿಗೆಗಳು. ಯಾರೋ ಬಾಲಿಯ ಸಮುದ್ರ ಬರೆದಿದ್ದಾರೆ, ಯಾರೋ ಮಲಾಕ್ಕಾದ ಅಜ್ಜಿ ಮನೆ. ನಾನು ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು ನಡೆದೆ. ಕಡೆಯ ಪೆಟ್ಟಿಗೆಯ ಸುತ್ತ ನಾಲ್ಕೈದು ಜನ. ನಗುತ್ತಿದ್ದಾರೆ! ನನ್ನ ಕಿವಿ ಕಾದವು. ತರಕಾರಿ ಗಾಡಿ ಹಿಡಿದ ಚೀನೀ ಆಂಟಿಯೊಬ್ಬರು ಗಾಜಿನ ಮೇಲೆ ಬೆರಳು ಕುಟ್ಟುತ್ತಾ “ವಾ! ಸೋ ಫಿಯರ್ಸ್!” ಅನ್ನುತ್ತಿದ್ದರು.

“ಹಂಗಂದ್ರೆ?” ಅಂತ ವಾಣಿಯನ್ನು ಕೇಳಿದೆ.

“ತುಂಬಾ ಜೋರು ಇದಾರೆ ಅಂತ.”

“ಯಾರು? ನನ್ ಕೈಯಾ?”

“ಅಜ್ಜಿ, ಬಾ” ಅಂತ ಇಳಾ ನನ್ನ ತೋಳು ಹಿಡಿದು ಮುಂದೆ ಎಳೆದಳು.

ಪುಸ್ತಕ ಅಗಲವಾಗಿ ತೆರೆದಿತ್ತು. ಎಡಗಡೆಯ ಪುಟ ನನಗೆ ಗೊತ್ತಿದ್ದದ್ದೇ. ಕೈ, ವಾಚು, ಎಸಳು. ಬಲಗಡೆಯದನ್ನು ನಾನು ನೋಡಿರಲಿಲ್ಲ. ಫೋನಿನ ಫೋಟೋದಲ್ಲಿ ಅದು ಇರಲೇ ಇಲ್ಲ.

ಬಲಗಡೆ, ಗಾಜಿನ ಮನೆಯ ಸುರುಳಿ ಮೆಟ್ಟಿಲಿನಿಂದ ಖಾಕಿ ಅಂಗಿಯ ಒಬ್ಬ ಮನುಷ್ಯ ದಡದಡ ಇಳಿದು ಓಡಿ ಬರುತ್ತಿದ್ದಾನೆ. ಉಬ್ಬಿದ ಕೆನ್ನೆ, ದಪ್ಪ ಮೀಸೆ. ಬಾಯಲ್ಲಿ ಸೀಟಿ. ಚಾಚಿದ ತೋರುಬೆರಳು ಪುಟದ ಮಡಿಕೆ ದಾಟಿ ನೆಟ್ಟಗೆ ನನ್ನ ಕೈಗೇ ಬಂದು ನಿಂತಿದೆ. ಮೇಲೆ ಸೊಟ್ಟ ಸೊಟ್ಟ ದೊಡ್ಡ ಅಕ್ಷರ, ಕನ್ನಡದಲ್ಲಿ. ಭಾನುವಾರ ಭಾನುವಾರ ನಾನೇ ಕೂರಿಸಿಕೊಂಡು ತಿದ್ದಿಸಿದ ಅಕ್ಷರ. ಇದನ್ನು ಯಾರೂ ಓದಿ ಹೇಳಬೇಕಾಗಿರಲಿಲ್ಲ.

‘ಕೈ ಹಿಂದೆ ಕಟ್ಕೊಂಡು ನಡೀರಿ!’

ನಾನು ಹಾಗೆಯೇ ನಿಂತಿದ್ದೆ. ಕೈ ಹಿಂದೆ ಕಟ್ಟಿಕೊಂಡೇ ಇತ್ತು.

ಬೆಂಗಳೂರು ದಾಟಿದವರಲ್ಲ ಅವರು. ವಿಮಾನ ಮೇಲೆ ಹೋದರೆ ಪಾರ್ಕಿನಲ್ಲಿ ನಿಂತು ಕತ್ತೆತ್ತಿ ನೋಡುತ್ತಿದ್ದರು. ನಾನು ಕೋಪನ್‌ಹೇಗನ್ನಿನ ತೋಟತೋಟದಲ್ಲಿ ಹುಡುಕಿದ ಮಾಲಿ ಕೊನೆಗೂ ಡ್ಯೂಟಿಗೆ ಬಂದಿದ್ದರು. ಇನ್ನೊಂದು ಸಲ ಹೆಂಡತಿಗೇ ಸೀಟಿ!

“ಮೀಸೆ ಇರ್ಲಿಲ್ಲ ಕಣೇ ನಿಮ್ಮ ತಾತಂಗೆ” ಅಂದೆ.

“ಫೋಟೋದಲ್ಲಿ ಇಲ್ಲ, ಗೊತ್ತು. ಆದ್ರೆ ವಿಷಲ್ ಊದೋರಿಗೆ ಮೀಸೆ ಬೇಕು ಅಜ್ಜಿ. ಅದಕ್ಕೇ ನೀನು ಬಾ ಅಂದಿದ್ದು. ಸರ್ಪ್ರೈಸ್ ಲಾ.”

ಆದರೂ ನನ್ನ ಎದೆಯ ಮೇಲಿನ ಕಲ್ಲು ಪೂರ್ತಿ ಇಳಿಯಲಿಲ್ಲ. ಟೀಚರ್ ಬಂದರು. ತಲೆಗೆ ತಿಳಿನೀಲಿ ಬಟ್ಟೆ ಸುತ್ತಿದ ಮಲಯ್ ಹೆಣ್ಣುಮಗಳು, ಚಿಕ್ಕ ವಯಸ್ಸು. ನಾನು ವಾಣಿಗೆ ಹೇಳಿದೆ, “ಇವ್ರಿಗೆ ಹೇಳು. ಕಿತ್ತಿದ್ದು ನಾನೇ. ಪುಸ್ತಕದಲ್ಲಿ ಮುಚ್ಚಿಡು ಅಂದಿದ್ದೂ ನಾನೇ. ಮಗೂದು ಏನೂ ತಪ್ಪಿಲ್ಲ ಅಂತ ಹೇಳು.”

“ಅಮ್ಮಾ, ಬೇಡ...”

“ಹೇಳೇ.”

ಹೇಳಿದಳು. ಟೀಚರ್ ನನ್ನ ಸ್ವೆಟರಿನ ತೋಳನ್ನು ನೋಡಿದರು. ನಾನೇ ಮೇಲೆ ಸರಿಸಿ ವಾಚು ತೋರಿಸಿದೆ. ಅವರು ನಗಲಿಲ್ಲ. ಏನೋ ಹೇಳಿದರು. ವಾಣಿ ಹೇಳಿದ್ದು ಇಷ್ಟು: “ಆಂಟಿ, ಇದು ನಂಗೆ ಆಗ್ಲೇ ಗೊತ್ತು. ನಿಮ್ಮ ಮೊಮ್ಮಗಳು ಬರ್ದಿದಾಳಲ್ಲ. ಯಾಕೆ ಇದನ್ನ ಬರ್ದೆ ಅಂತ ಕೇಳ್ದಾಗ, ಮ್ಯೂಸಿಯಂ ಚೀಟಿಗಳಲ್ಲಿ ಯಾರು ಕೊಟ್ರು, ಕೇಳಿ ತಂದ್ರಾ ಅಂತ ಇರಲ್ಲ, ನನ್ನ ಚೀಟೀಲಿ ಇರ್ಬೇಕು ಅಂದ್ಳು.”

ಆ ದೇವಿಯ ಮುಂದೆ ಅವಳು ಯಾಕೆ ಅಷ್ಟು ಹೊತ್ತು ನಿಂತಿದ್ದಳು ಅಂತ ಆಗ ಹೊಳೆಯಿತು. ಮುಚ್ಚು ಅಂತ ಹೇಳಿಕೊಟ್ಟವಳು ನಾನು. ತೆರೆದಿಟ್ಟವಳು ಅವಳು. ಹೇಳಿ, ನಮ್ಮ ಮನೆಯಲ್ಲಿ ದೊಡ್ಡವರು ಯಾರು?

ಸ್ವೆಟರ್ ಬಿಚ್ಚಿ ಅಳಿಯಂದಿರ ಕೈಗೆ ಕೊಟ್ಟೆ. ಚೀನೀ ಆಂಟಿ ನನ್ನ ವಾಚು ನೋಡಿದರು, ಚಿತ್ರ ನೋಡಿದರು, ಮತ್ತೆ ವಾಚು ನೋಡಿದರು. “ಅಯ್ಯೋ! ಯೂ ಆ?” ಅಂತ ನನ್ನ ಕೈ ಹಿಡಿದು ಎಲ್ಲರಿಗೂ ಎತ್ತಿ ತೋರಿಸಿದರು. ಯಾರೋ ಫೋಟೋ ತೆಗೆದರು. (ಆ ಫೋಟೋ ಎಲ್ಲಿಗೆ ಹೋಯಿತೋ ಎಂಬ ಭಯ ಇವತ್ತಿಗೂ ಇದೆ. ಡೆನ್ಮಾರ್ಕಿನಲ್ಲಿ ಯಾರಿಗಾದರೂ ಕಂಡರೆ, ದಯವಿಟ್ಟು ಕ್ಷಮಿಸಿ. ಬೇರೆ ಗಿಡ ನೆಡಿಸಿಕೊಡುತ್ತೇನೆ.)

ಮನೆಗೆ ಬರುವಾಗ ಕೆಳಗಿನ ತೋಟದಲ್ಲಿ ಅಂಕಲ್ ನೀರು ಹಾಕುತ್ತಿದ್ದರು. ಒಂಬತ್ತು ದಿನ ಮುಖ ತಿರುಗಿಸಿದ್ದೆನಲ್ಲ, ನಾಚಿಕೆಯಾಯಿತು. ಗಿಡ ತೋರಿಸಿದೆ. ಎರಡು ಬೆರಳು ಎತ್ತಿದೆ. ಅವರು ಕತ್ತರಿ ತಂದು ಐದು ಎಸಳು ಕತ್ತರಿಸಿ ಕೈಗಿಟ್ಟರು. “ಲಾಂಗ್ ಟೈಮ್ ಆಂಟಿ! ಯೂ ಸಿಕ್ ಆ?” ಅಂತ ಕೇಳಿದರು. ನನಗೆ ಅರ್ಥವಾಯಿತು. ಹೌದು ಅಂತ ತಲೆಯಾಡಿಸಿದೆ. ಅದೂ ಒಂಥರಾ ಕಾಯಿಲೆಯೇ.

ಸಂಜೆ ಏಳಕ್ಕೆ ನಾಲ್ವರೂ ಒಟ್ಟಿಗೆ ಊಟಕ್ಕೆ ಕೂತೆವು. ಬೇಳೆಸಾರು, ಹುರುಳಿಕಾಯಿ ಪಲ್ಯ, ಹಪ್ಪಳ, ಮತ್ತೆ ಸಜ್ಜಿಗೆ. ಈ ಸಲ ತಳ ಹಿಡಿದಿರಲಿಲ್ಲ. ನಾನು ಸಾರಿನ ಸೌಟು ಎತ್ತಿದ್ದೇ ತಡ, ಇಳಾ ಎರಡು ಬೆರಳು ಬಾಯಿಗಿಟ್ಟು “ಪೀ!” ಅಂತ ಊದಿದಳು. “ಅಜ್ಜಿ, ಕರಿಬೇವು ಕೇಳಿ ತಂದ್ಯಾ?”

“ಕೇಳಿ ತಂದೆ ಕಣೇ, ಪೊಲೀಸಮ್ಮ.”

“ಇವತ್ತು ಸಾರು ಸರಿಯಾಗಿದೆ ಅತ್ತೆ” ಅಂದರು ಪ್ರಸನ್ನ, ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾ. ಮನಸ್ಸು ತುಂಬಿ ಬಂತು. ಊಟ ಮುಗಿಯುವ ಹೊತ್ತಿಗೆ ತಟ್ಟೆಗಳ ಕಡೆ ನೋಡಿದೆ. ಅಳಿಯಂದಿರ ತಟ್ಟೆಯ ಅಂಚಿನಲ್ಲಿ ನಾಲ್ಕು ಎಲೆ. ವಾಣಿಯ ತಟ್ಟೆಯ ಅಂಚಿನಲ್ಲಿ ಮೂರು. ಇಳಾ ಎಲ್ಲವನ್ನೂ ಆರಿಸಿ ಸಾಲಾಗಿ ಜೋಡಿಸಿದ್ದಾಳೆ. ಬೈಯಲು ಬಾಯಿ ತೆರೆದೆ. ಆಗ ನನ್ನ ತಟ್ಟೆ ಕಣ್ಣಿಗೆ ಬಿತ್ತು. ಅದರ ಅಂಚಿನಲ್ಲೂ ಐದು.

ತಿನ್ನದೆ ಅಂಚಿಗೆ ಸರಿಸುವ ಎಲೆಗಾಗಿಯೇ ನಾನು ಸಮುದ್ರದಾಚೆ ಹೋಗಿ ಕಳ್ಳಿಯಾಗಿದ್ದು?